ಅತ್ತೆ ತೆಗೆದ ಅಳತೆ

"ನನ್ನನ್ನ ಈ ಮೆಟ್ಟಿಲಿಂದ ಯಾವಾಗ ಇಳಿಸ್ತೀರಿ ಅಂತ ಇವತ್ತೇ ಹೇಳಿಬಿಡಿ! ನಾಲ್ಕು ಜನ ಹೆಗಲು ಕೊಡೋ ದಿನಾನಾ?"

ಅತ್ತೆ ಲೋಟವನ್ನು ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ಅರ್ಧ ಚಹಾ ಹೊರಚೆಲ್ಲಿತು. ಮಗ ಬಟ್ಟೆ ತಂದು ಒರೆಸತೊಡಗಿದ. ಬಾಯಿ ತೆರೆದರೆ ನಿಲ್ಲಿಸುವವರಿಲ್ಲ ಎಂಬ ಕಾರಣಕ್ಕೆ ಮನೆಯಲ್ಲಿ 'ಪಿಟೀಲು' ಎಂದೇ ಹೆಸರಾಗಿದ್ದ ಆರು ವರ್ಷದ ಮೊಮ್ಮಗಳೂ ಸುಮ್ಮನಾಗಿ ಒಬ್ಬೊಬ್ಬರ ಮುಖ ನೋಡಿದಳು.

ಅತ್ತೆಯ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಮನೆ ಇದ್ದದ್ದು ಮೂರನೇ ಮಹಡಿಯಲ್ಲಿ. ನಲವತ್ತೆಂಟು ಮೆಟ್ಟಿಲು, ಲಿಫ್ಟು ಇಲ್ಲ. ಮೊಣಕಾಲು ಸವೆದ ಮೇಲೆ ಆಕೆ ಕೆಳಗಿಳಿಯುತ್ತಿದ್ದುದು ವೈದ್ಯರ ಬಳಿಗೆ ಹೋಗುವಾಗ ಮಾತ್ರ. ನಲವತ್ತು ವರ್ಷ ಬೀದಿಯ ಹೆಂಗಸರಿಗೆಲ್ಲ ಬಟ್ಟೆ ಹೊಲಿದುಕೊಟ್ಟು, ಒಂಟಿಯಾಗಿ ಮಗನನ್ನು ಓದಿಸಿದ ದರ್ಜಿ ಆಕೆ. ದಿನಕ್ಕೆ ಹತ್ತು ಜನರ ಜೊತೆ ಮಾತಾಡಿ, ಎಂಟು ಜನರನ್ನು ಬೈದು ಬದುಕಿದವರಿಗೆ ಈಗ ಬೈಯಲು ಸಿಗುತ್ತಿದ್ದವಳು ಸೊಸೆಯೊಬ್ಬಳೇ!

ಸೊಸೆಯ ಕೆಲಸ ಕಟ್ಟುಹಲ್ಲು ತಯಾರಿಸುವುದು. ಮನೆಯಿಂದ ಎಂಟು ನಿಮಿಷ ನಡೆದರೆ ಕಾರ್ಯಾಗಾರ. ಅತ್ತೆಯ ಬಾಯಲ್ಲಿದ್ದ ಎರಡೂ ಸಾಲು ಅವಳ ಕೈಯಲ್ಲೇ ಆದದ್ದು. "ನಾನು ಕೊಟ್ಟ ಹಲ್ಲಿನಿಂದ್ಲೇ ನನ್ನನ್ನ ಕಚ್ಚುತ್ತಾರಲ್ರೀ" ಎಂದು ಗಂಡನ ಬಳಿ ಅವಳು ನಗುವುದಿತ್ತು. ಆ ಸಂಜೆ ಮಾತ್ರ ನಗು ಬರಲಿಲ್ಲ.

ಹಿಂದಿನ ದಿನ, ಭಾನುವಾರ, ಅತ್ತೆಯನ್ನೂ ಹೆಗಲು ಕೊಟ್ಟು ಇಳಿಸಿಕೊಂಡು ಎಲ್ಲರೂ ಸೇರಿ ಊರಾಚೆಯ ಹೊಸ ಬಡಾವಣೆಯಲ್ಲಿ ಬಾಡಿಗೆಗಿದ್ದ ಒಂದು ಮನೆ ನೋಡಿಬಂದಿದ್ದರು. ನೆಲಮಹಡಿ. ಹೊಲಿಗೆ ಮಿಷನ್ನು ಇಡಲು ದೊಡ್ಡ ಕಿಟಕಿಯ ಕೋಣೆ. ಬಾಗಿಲು ತೆರೆದರೆ ನೇರ ಅಂಗಳ. ಅತ್ತೆ ಆ ಕಿಟಕಿಯ ಅಳತೆಯನ್ನು ತಾವೇ ಟೇಪು ಹಿಡಿದು ತೆಗೆದುಕೊಂಡು, ಬರುವ ದಾರಿಯಲ್ಲೇ ಪರದೆಗೆಂದು ನೀಲಿ ಬಟ್ಟೆಯನ್ನೂ ಕೊಂಡಾಗಿತ್ತು. ಊರೊಳಗೆ ನೆಲಮಹಡಿಯ ಮನೆ ಹುಡುಕಿ ಹುಡುಕಿ ಚಪ್ಪಲಿ ಸವೆದಿದ್ದವೇ ಹೊರತು ಒಂದೂ ಕೈಗೆಟುಕಿರಲಿಲ್ಲ. ಶನಿವಾರ ಈ ಮನೆಯ ಕರಾರಿಗೆ ಸಹಿ ಹಾಕುವುದೆಂದು ಮಾತಾಗಿತ್ತು. ಉಳಿದಿದ್ದು ಸೊಸೆಯ ಒಪ್ಪಿಗೆ.

"ಐವತ್ತೇ ನಿಮಿಷ ಕಣೇ" ಎಂದ ಗಂಡ. ಅವನು ಔಷಧಿ ಗೋದಾಮಿನ ಮೇಲ್ವಿಚಾರಕ. ಗೋದಾಮು ಆ ಬಡಾವಣೆಯ ಪಕ್ಕಕ್ಕೇ ಹೋಗಿ ಎರಡು ವರ್ಷವಾಗಿತ್ತು. "ನಾನು ದಿನಾ ಹೋಗಿಬರ್ತಿಲ್ವಾ? ಕಿಟಕಿ ಪಕ್ಕ ಕೂತು ಒಂದು ನಿದ್ದೆ ತೆಗೆದ್ರೆ ಸ್ಟೇಷನ್ ಬಂದಿರುತ್ತೆ. ನಿನ್ನೆ ನೀನೇ ನೋಡಿದ್ಯಲ್ಲ!"

ಸೊಸೆ ನೋಡಿದ್ದಳು. ಭಾನುವಾರದ ಬೋಗಿಯಲ್ಲಿ ಪಿಟೀಲು ಕಾಲು ಚಾಚಿ ಮಲಗಿದ್ದಳು. ಆದರೆ ಕೆಲಸ ಮುಗಿಸಿ ಅವಳು ಈಗ ಐದಕ್ಕೆಲ್ಲ ಮನೆಯಲ್ಲಿರುತ್ತಾಳೆ. ಆರರವರೆಗೆ ಮಗಳು ಶಾಲೆಯ ಕಥೆಯನ್ನು ಬಿಡದೆ ಕುಯ್ಯುತ್ತಾಳೆ. ಆ ಹೊಸ ಮನೆ ಮುಟ್ಟುವವರೆಗೆ ಮಗು ಕಥೆ ಇಟ್ಟುಕೊಂಡು ಕಾಯುತ್ತದೆಯೇ...? ಆದರೆ ಹೇಗೆ ಹೇಳುವುದು? ಕಾಲು ಸೋತ ಮುದುಕಿಯ ಎದುರು ತನ್ನ ಸಂಜೆಯ ಲೆಕ್ಕ ಹೇಳುವ ಸೊಸೆಯನ್ನು ಜನ ಏನೆಂದಾರು?

"ಆಗ್ಲಿ ಅತ್ತೆ, ಹೋಗೋಣ" ಎಂದು ಲೋಟಗಳನ್ನು ಎತ್ತಿಕೊಂಡು ಒಳಗೆ ನಡೆದಳು.

ಗೆದ್ದೆ ಎಂದು ಅತ್ತೆ ಹಿಗ್ಗಬೇಕಿತ್ತು. ಆದರೆ ಹತ್ತು ವರ್ಷದಿಂದ ಒಂದಕ್ಕೆ ಎರಡು ಮಾತು ಎದುರಾಡಿದ ಸೊಸೆ ಹೀಗೆ ಒಂದೇ ಮಾತಿಗೆ ಒಪ್ಪಿಬಿಟ್ಟದ್ದು ಆಕೆಗೆ ಸರಿಕಾಣಲಿಲ್ಲ. ಮರುದಿನ ಸಂಜೆ ನೀಲಿ ಬಟ್ಟೆ ಹರಡಿಕೊಂಡು ಕತ್ತರಿ ಹಿಡಿದು ಕುಳಿತರು. ಅಡುಗೆಮನೆಯಲ್ಲಿ ಪಿಟೀಲಿನ ಕಛೇರಿ ಶುರುವಾಗಿತ್ತು. ಪಕ್ಕದವಳು ರಬ್ಬರು ಕದ್ದದ್ದು, ಅದು ತನ್ನ ಚೀಲದಲ್ಲೇ ಸಿಕ್ಕಿದ್ದು, ಟೀಚರು ನಕ್ಕಿದ್ದು... ಸೊಸೆ ತರಕಾರಿ ಹೆಚ್ಚುತ್ತಾ "ಆಮೇಲೆ?" "ಆಮೇಲೆ?" ಎನ್ನುತ್ತಿದ್ದಳು. ಕತ್ತರಿ ಹಾಗೇ ಬಾಯಿ ಬಿಟ್ಟುಕೊಂಡು ನಿಂತಿತು.

ದರ್ಜಿಯಾದ ಹೊಸದರಲ್ಲಿ, ಗಿರಾಕಿಯೊಬ್ಬಳು ಹೇಳಿದ ಅಳತೆ ನಂಬಿ ಅವಳ ತಂಗಿಯ ಮದುವೆಯ ರವಿಕೆ ಹೊಲಿದು, ಅದು ತೋಳಿಗೇ ಏರದೆ, ಆ ಹುಡುಗಿ ಅತ್ತ ಅಳು ಆಕೆಗೆ ಇನ್ನೂ ಮರೆತಿರಲಿಲ್ಲ. ಅಂದಿನಿಂದ ಬೇರೆಯವರು ಹೇಳಿದ ಅಳತೆಗೆ ಆಕೆ ಕತ್ತರಿ ಹಾಕಿದವರಲ್ಲ. ಕಿಟಕಿಯ ಅಳತೆ ತಾನೇ ತೆಗೆದದ್ದಾಯಿತು. ಆ ಐವತ್ತು ನಿಮಿಷದ ಅಳತೆ ತೆಗೆದವರು ಯಾರು? ಅತ್ತೆ ಬಟ್ಟೆಯನ್ನು ಮಡಿಸಿಟ್ಟರು.

ಗುರುವಾರ ಬೆಳಿಗ್ಗೆ ಮಗನಿಗೆ ದುಂಬಾಲು ಬಿದ್ದರು. "ಆ ಮನೆ ಅಡುಗೆಕಟ್ಟೆ ಇನ್ನೊಂದ್ಸಲ ನೋಡ್ಬೇಕು ಕಣೋ. ನಿನ್ನ ಜೊತೆ ಕರ್ಕೊಂಡು ಹೋಗು. ಮನೆ ಒಡತಿ ಹನ್ನೊಂದರ ರೈಲಿಗೆ ಹತ್ತಿಸ್ತಾಳೆ." ಮಗ ಹೆಗಲು ಕೊಟ್ಟು ಮೆಟ್ಟಿಲಿಳಿಸಿ, ಖಾಲಿ ರೈಲಿನಲ್ಲಿ ಕಿಟಕಿ ಪಕ್ಕ ಕೂರಿಸಿ, ಐವತ್ತೇ ನಿಮಿಷದಲ್ಲಿ ಮುಟ್ಟಿಸಿ, ಒಡತಿಯ ಮನೆ ಬಾಗಿಲಲ್ಲಿ ಬಿಟ್ಟು ಗೋದಾಮಿಗೆ ಹೋದ. ಅವನು ಬೀದಿ ತಿರುಗಿದ್ದೇ ತಡ, ಅತ್ತೆಯೂ ಸ್ಟೇಷನ್ನಿನ ಕಡೆ ತಿರುಗಿದರು.

ಹತ್ತೂಕಾಲರ ಹೊತ್ತಿಗೆ ಸೊಸೆ ಸ್ಪಿರಿಟ್ ದೀಪದಲ್ಲಿ ಮೇಣ ಕರಗಿಸುತ್ತಿದ್ದಳು. ಕಾರ್ಯಾಗಾರದ ಬಾಗಿಲು ತೆರೆದ ಸದ್ದಾಯಿತು. ತಲೆ ಎತ್ತಿದಳು. ಬಾಗಿಲಲ್ಲಿ ಅತ್ತೆ! ಕೂದಲು ಕೆದರಿತ್ತು, ರವಿಕೆಯ ಒಂದು ಗುಂಡಿ ಕಿತ್ತುಹೋಗಿತ್ತು, ಒಂದೇ ಕಾಲಲ್ಲಿ ಚಪ್ಪಲಿ!

"ಅಯ್ಯೋ ಅತ್ತೆ! ಏನಾಯ್ತು? ಇವರಿಗೇನಾದ್ರೂ...?"

"ಅವನಿಗೇನು ಧಾಡಿ? ಮೊದ್ಲು ಟೈಮೆಷ್ಟು ಹೇಳು."

"ಹತ್ತು ಹದಿನೈದು..."

"ಎಂಟು ಗಂಟೆಗೆ ಪ್ಲಾಟ್‌ಫಾರ್ಮಲ್ಲಿದ್ದೆ ಕಣಮ್ಮ." ಅತ್ತೆ ಪ್ಲಾಸ್ಟರಿನ ಮೂಟೆಯ ಮೇಲೆ ಕುಸಿದು ಕುಳಿತರು. ಸೊಸೆ ಓಡಿಹೋಗಿ ನೀರು ತಂದಳು. "ಎರಡು ರೈಲು ಬಿಟ್ಟೆ. ಕಾಲಿಡೋಕೆ ಜಾಗ ಇರ್ಲಿಲ್ಲ. ಮೂರನೇದಕ್ಕೆ ನಾನು ಹತ್ಲಿಲ್ಲ, ಜನ ಹತ್ತಿಸಿದ್ರು. ಚಪ್ಪಲಿ ಎಲ್ಲಿ ಹೋಯ್ತೋ ಆ ದೇವರೇ ಬಲ್ಲ. ಆಮೇಲೆ ಸ್ಟೇಷನ್ನಿಂದ ಇಲ್ಲಿಗೆ ಬಸ್ಸು ಬೇರೆ..."

"ಯಾರೂ ಸೀಟು ಕೊಡ್ಲಿಲ್ವಾ ಅತ್ತೆ?"

"ಪಾಪ, ಒಂದು ಹುಡುಗಿ ಎದ್ಲು. ನಾನೇ ಬೇಡ ಅಂದೆ."

"ಯಾಕೆ!"

"ನಿನಗ್ಯಾರು ಕೊಡ್ತಾರೆ?"

ಸೊಸೆ ಅತ್ತೆಯ ಊದಿದ ಮೊಣಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನೆಲದ ಮೇಲೆ ಕುಳಿತುಬಿಟ್ಟಳು. ಹತ್ತು ವರ್ಷದಲ್ಲಿ ಈ ಬಾಯಿಂದ ಒಂದು ಒಳ್ಳೆಯ ಮಾತು ಬರಲಿಲ್ಲವೆಂದು ಎಷ್ಟು ಸಲ ಅತ್ತಿದ್ದಳೋ! ಈಗಲೂ ಅತ್ತಳು, ಆದರೆ ಇದು ಬೇರೆಯ ಅಳು.

"ನಾನು ಅಭ್ಯಾಸ ಮಾಡ್ಕೋತೀನಿ ಅತ್ತೆ... ನಿಮ್ಮ ಕಾಲು..."

"ಅಭ್ಯಾಸ ಮಾಡ್ಕೋತೀಯ, ಗೊತ್ತು. ನನಗೆ ಅದೇ ಭಯ. ಆ ಪಿಟೀಲೂ ಅಭ್ಯಾಸ ಮಾಡ್ಕೊಳ್ಳುತ್ತೆ. ಅಮ್ಮನಿಗೆ ಏನೂ ಹೇಳದೆ ಮಲಗೋದು ಕಲಿಯುತ್ತೆ. ಆಮೇಲೆ ನೀನು ಬೇಗ ಬಂದ್ರೂ ಹೇಳಲ್ಲ." ಅತ್ತೆ ನೀರಿನ ಲೋಟ ಖಾಲಿ ಮಾಡಿದರು. "ಇವನನ್ನ ಓದಿಸ್ತೀನಿ ಅಂತ ನಾನು ಮಿಷನ್ ಮುಂದೆ ಕೂತೇ ಬಿಟ್ಟೆ. ಶಾಲೆಯಲ್ಲಿ ಏನಾಯ್ತೋ ಅಂತ ಒಂದಿನ ಕೇಳ್ಲಿಲ್ಲ. ಈಗ ನೋಡು, ನನ್ನ ಹತ್ರ ಮಾತಾಡೋಕೆ ಅವನಿಗೆ ಮಾತೇ ಇಲ್ಲ."

ಸಂಜೆ ಮಗ ಬಂದಾಗ ಅತ್ತೆಯ ಕಾಲು ಬಿಸಿನೀರಿನಲ್ಲಿತ್ತು. ವಿಷಯ ಕೇಳಿ ಅವನು ಬೆಪ್ಪಾಗಿ ನಿಂತ. "ಅಮ್ಮ, ನಾನು ಸುಳ್ಳು ಹೇಳ್ಲಿಲ್ಲ. ನಾನು ನಿಜವಾಗ್ಲೂ ಕೂತ್ಕೊಂಡೇ..."

"ಊರೆಲ್ಲ ಒಳಗೆ ಬರೋವಾಗ ನೀನು ಹೊರಗೆ ಹೋಗೋನು ಕಣೋ! ಊರೆಲ್ಲ ವಾಪಸ್ಸು ಹೋಗೋವಾಗ ನೀನು ಈ ಕಡೆ ಬರೋನು. ನಿನ್ನ ಅಂಗಿ ಅಳತೆಗೆ ಅವಳ ಬಟ್ಟೆ ಹೊಲಿಯೋಕಾಗುತ್ತಾ?"

ಎರಡು ವರ್ಷ ಆ ಹಳಿಯ ಮೇಲೆ ಓಡಾಡಿದವನು, ಪಕ್ಕದ ಹಳಿಯ ಮೇಲೆ ಬಾಗಿಲಿಗೆ ಜೋತುಬಿದ್ದು ಬರುವ ಜನರನ್ನು ದಿನವೂ ಕಂಡಿದ್ದ. ಅವರ ನಡುವೆ ತನ್ನ ಹೆಂಡತಿಯನ್ನು ಒಂದು ದಿನವೂ ನಿಲ್ಲಿಸಿ ನೋಡಿರಲಿಲ್ಲ. ಅವನು ತಲೆ ತಗ್ಗಿಸಿ ಅಮ್ಮನ ಪಕ್ಕ ಕುಳಿತ. "ಹಾಗಾದ್ರೆ ನಿನ್ನ ಗತಿ ಏನಮ್ಮ?" ಎಂದ.

"ಏನೋ ಒಂದು. ಹುಡುಕ್ತಾ ಇರಿ. ಶನಿವಾರ ಮಾತ್ರ ಸಹಿ ಹಾಕ್ಬೇಡ."

ಶನಿವಾರ ಯಾರೂ ಸಹಿ ಹಾಕಲಿಲ್ಲ. ಆ ಬೆಳಿಗ್ಗೆ ಅತ್ತೆ ನೀಲಿ ಬಟ್ಟೆಯನ್ನು ಹರಡಿ, ಈ ಸಲ ಒಂದು ಕ್ಷಣವೂ ಯೋಚಿಸದೆ ಕತ್ತರಿ ಹಾಕಿದರು. ದೊಡ್ಡ ಕಿಟಕಿಯ ಪರದೆಯಾಗಬೇಕಿದ್ದ ಬಟ್ಟೆ ಮೂರು ದಪ್ಪ ದಿಂಬುಗಳಾಯಿತು. ಮಗ ಮೂರು ಕುರ್ಚಿ ತಂದು, ಮೆಟ್ಟಿಲು ತಿರುಗುವ ಕಡೆಯಲ್ಲೆಲ್ಲ ಒಂದೊಂದು ಇಟ್ಟ.

ಈಗ ಸಂಜೆ ಐದಕ್ಕೆ ಸೊಸೆ ಬರುವ ಹೊತ್ತಿಗೆ ಅತ್ತೆ ಕೆಳಗಿನ ಬಾಗಿಲಲ್ಲಿ ಪಿಟೀಲಿನ ಜೊತೆ ಕಾಯುತ್ತಿರುತ್ತಾರೆ. ಹೋಗುವ ಬರುವ ಹೆಂಗಸರನ್ನು ಅಷ್ಟರಲ್ಲಿ ಒಂದು ಸುತ್ತು ಬೈದಾಗಿರುತ್ತದೆ. ಮೂವರೂ ಸೇರಿ ಮೆಟ್ಟಿಲು ಹತ್ತುತ್ತಾರೆ. ಹನ್ನೆರಡು ಮೆಟ್ಟಿಲು, ಒಂದು ಕುರ್ಚಿ, ಶಾಲೆಯ ಒಂದಿಷ್ಟು ಕಥೆ, ಮತ್ತೆ ಹನ್ನೆರಡು ಮೆಟ್ಟಿಲು. ಕಾಲು ನೋಯುತ್ತದೆ, ಅದನ್ನು ಆಕೆ ಮುಚ್ಚಿಡುವುದೂ ಇಲ್ಲ.

ಮೊದಲ ದಿನ ಮೇಲೆ ತಲುಪಿದಾಗ ಸೊಸೆ ಬೆವರೊರೆಸುತ್ತಾ ಕೇಳಿದಳು. "ತುಂಬಾ ಸುಸ್ತಾಯ್ತಾ ಅತ್ತೆ?"

ಅತ್ತೆ ಗೋಡೆಯ ಗಡಿಯಾರ ನೋಡಿದರು. "ಇಪ್ಪತ್ತು ನಿಮಿಷ ಆಯ್ತು. ಪರವಾಗಿಲ್ಲ ಬಿಡು, ನಾನು ಕೂತ್ಕೊಂಡೇ ಬಂದೆ."