ಮಾಜಿವಾಡಾದ ಜೋಪಡಿಯಲ್ಲಿ ಬಿದ್ದ ಏಟು

೧೯೮೫ರ ಜನವರಿ ಒಂಬತ್ತು, ಬುಧವಾರ. ಮಧ್ಯಾಹ್ನ ಎರಡರ ಹೊತ್ತಿಗೆ ಥಾಣೆಯ ಪೊಲೀಸ್ ಠಾಣೆಗೆ ಬಂದ ಲೀಲಾಧರನ ಅಂಗಿಯ ತೋಳಿಗೆ ರಕ್ತ ಮೆತ್ತಿತ್ತು. ಡೊಂಬಿವಲಿಯ ಹೋಟೆಲೊಂದರಲ್ಲಿ ಗಲ್ಲಾ ನೋಡಿಕೊಳ್ಳುವ ಮನುಷ್ಯ. ಆಸ್ಪತ್ರೆಯಿಂದ ನೇರ ಬಂದಿದ್ದ.

"ಸರ್, ನನ್ನ ತಂಗಿಯ ತಲೆ ಒಡೆದು ಹಾಕಿದ್ದಾರೆ," ಎಂದವನೇ ಬೆಂಚಿನ ಮೇಲೆ ಕುಸಿದ.

ಇನ್ಸ್‌ಪೆಕ್ಟರ್ ಯಜ್ಞೇಶ್ವರ ನೀರು ತರಿಸಿದ. ಅವನು ಕುಂದಾಪುರದವ. ಕನ್ನಡದವರ ತಕರಾರು ಯಾವುದೇ ಇರಲಿ, ಅವನ ಮೇಜಿಗೇ ಬರುತ್ತಿತ್ತು.

"ತಂಗಿ ಏನು ಮಾಡುವುದು?"

"ವಾರಿಜಾ ಅಂತ. ಎಂ.ಎ. ಓದುವುದು. ಹೊಡೆಯುವ ಗಂಡನನ್ನು ಹೆಂಗಸರು ಹೇಗೆ ಬಿಟ್ಟು ಬರುತ್ತಾರೆ ಅಂತ ಪ್ರಬಂಧ ಬರೀತಾ ಇದ್ದಾಳೆ. ಬೇಡ ಮಾರಾಯ್ತಿ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ."

"ಯಾರ ಮೇಲೆ ಅನುಮಾನ?"

"ಮಾಜಿವಾಡಾದ ಹುಲಗಪ್ಪ ಅಂತ, ಕಟ್ಟಡದ ಕೂಲಿ. ಅವನ ಹೆಂಡತಿ ಬಿಟ್ಟು ಹೋಗಿದ್ದಾಳೆ. ನನ್ನ ತಂಗಿಯೇ ಅವಳ ತಲೆ ಕೆಡಿಸಿದ್ದು ಅಂತ ಸಿಟ್ಟು. ಕೊಲ್ಲುತ್ತೇನೆ ಅಂತ ಹೋದ ವಾರ ಕೂಗಾಡಿದ್ದ. ಇವಳು ಬಿದ್ದಿದ್ದೂ ಅವನ ಜೋಪಡಿಯಲ್ಲೇ ಸರ್."

ಕೊಲೆಯತ್ನದ ಕಲಮು ಹಾಕಿ ಎಫ್‌ಐಆರ್ ದಾಖಲಾಯಿತು. ಯಜ್ಞೇಶ್ವರ ಹವಾಲ್ದಾರ ಮುರಾರಿಯನ್ನು ಕರೆದುಕೊಂಡು ಹೊರಟ. ಮಿರಜ್ ಕಡೆಯವನಾದ ಮುರಾರಿಗೆ ಗಡಿಯ ಕನ್ನಡ ಚೆನ್ನಾಗಿ ಬರುತ್ತಿತ್ತು.

ಹೈವೇ ಬದಿಯಲ್ಲಿ ಕಲಬುರಗಿ ಕಡೆಯ ಕೂಲಿಗಳ ತಗಡಿನ ಜೋಪಡಿಗಳು. ಹುಲಗಪ್ಪನ ತಾಯಿ ಸಾಬವ್ವ ಬಾಗಿಲಲ್ಲಿ ಕೂತಿದ್ದಳು. ವಯಸ್ಸು ಐವತ್ತೈದರ ಆಚೆ. ಸೆರಗು ಮುಂಗೈವರೆಗೂ ಹೊದ್ದಿದ್ದಳು.

"ನಾ ನಳಕ್ಕ ನೀರಿಗಿ ಹೋಗಿದ್ನಿರಿ ಸಾಹೇಬ್ರ. ಬರೂದ್ರಾಗ ಹುಡುಗಿ ಬಿದ್ದಿತ್ತು. ಚೀರಿ ಮಂದೀನ್ನ ಕರದೆ."

"ಎಷ್ಟು ಹೊತ್ತಿಗೆ?"

"ಹನ್ನೊಂದಾಗಿರಬೇಕ್ರಿ."

ಇಬ್ಬರು ಪಂಚರ ಎದುರು ಪಂಚನಾಮೆ ನಡೆಯಿತು. ಸಾರಿಸಿದ ನೆಲದ ಮೇಲೆ ರಕ್ತದ ಕಲೆ, ಮಗುಚಿದ ಚಹಾ ಕಪ್ಪು, ಒರಳಿನಲ್ಲಿ ಅರ್ಧ ಕುಟ್ಟಿದ ಮೆಣಸಿನಕಾಯಿ. ಹೊಡೆದ ವಸ್ತು ಸಿಗಲಿಲ್ಲ. ಸಾಬವ್ವ ಕೊಟ್ಟ ನೀರು ಕುಡಿದು ಯಜ್ಞೇಶ್ವರ ಜೀಪು ಹತ್ತಿದ.

ಹುಲಗಪ್ಪ ನಾಲ್ಕಕ್ಕೆ ಕಟ್ಟಡದ ಮೇಲೆಯೇ ಸಿಕ್ಕ. ಬಾಯಲ್ಲಿ ಹೆಂಡದ ವಾಸನೆ.

"ಹೊಡೀತೀನಂದಿದ್ದು ಖರೆ ರೀ. ಹೊಡದಿಲ್ಲ."

"ಕೇಸ್ ಖತಮ್ ಸಾಬ್," ಎಂದ ಮುರಾರಿ. ಆದರೆ ಕೂಲಿಗಳ ಮೇಸ್ತ್ರಿ, ಮುಕಾದಮ, ಅಡ್ಡ ಬಂದ. ಬೆಳಿಗ್ಗೆಯಿಂದ ಸ್ಲ್ಯಾಬ್ ಹಾಕುವ ಕೆಲಸ, ಒಬ್ಬನೂ ಕೆಳಗಿಳಿದಿಲ್ಲ, ಬೇಕಿದ್ದರೆ ಎಲ್ಲರನ್ನೂ ಕೇಳಿ ಎಂದ. ಕೇಳಿದರು. ಎಲ್ಲರದೂ ಒಂದೇ ಮಾತು. ಆದರೂ ಮುರಾರಿ ಹುಲಗಪ್ಪನನ್ನು ಠಾಣೆಗೆ ಎಳೆದೊಯ್ದ.

ಸಂಜೆ ಆಸ್ಪತ್ರೆಯ ಡಾಕ್ಟರು ಹೇಳಿದ ವಿಷಯ ಯಜ್ಞೇಶ್ವರನನ್ನು ನಿಲ್ಲಿಸಿತು. "ಗಾಯ ತೊಳೆಯುವಾಗ ನರ್ಸಿಗೆ ಕೈಯೆಲ್ಲ ಉರಿ. ಗಾಯದ ತುಂಬ ಖಾರದ ಪುಡಿ, ಇನ್ಸ್‌ಪೆಕ್ಟರ್."

ಒರಳು ನೋಡಿದ್ದ. ಅದರ ಗುಂಡುಕಲ್ಲು ಎಲ್ಲಿ ಎಂದು ಕೇಳುವುದು ತನಗೆ ಹೊಳೆದೇ ಇರಲಿಲ್ಲ.

ಹತ್ತನೇ ತಾರೀಖು ಬೆಳಿಗ್ಗೆ ಮುರಾರಿಯನ್ನು ಮಾಜಿವಾಡಾದ ನಳದ ಹತ್ತಿರ ವಿಚಾರಿಸಲು ಕಳಿಸಿ, ತಾನು ಲೀಲಾಧರನೊಂದಿಗೆ ಘಣಸೋಲಿಗೆ ಹೋದ. ಓಡಿಹೋದ ಹೆಂಡತಿ ಗುರಮ್ಮ ಅಲ್ಲಿನ ಕಾರ್ಖಾನೆಯೊಂದರಲ್ಲಿ ಲೋಡಿಂಗ್ ಕೆಲಸಕ್ಕಿದ್ದಳು. ತಂಗಿಯ ಜೊತೆ ಒಮ್ಮೆ ಬಂದಿದ್ದ ಲೀಲಾಧರನಿಗೆ ಜಾಗ ಗೊತ್ತಿತ್ತು.

"ಮನೆ ಬಿಟ್ಟು ಬರಲು ವಾರಿಜಾ ಹೇಳಿಕೊಟ್ಟಳೇ?"

"ಇಲ್ರಿ. ಆ ಅಕ್ಕ ನನಗ ಗೊತ್ತಾಗಿದ್ದು ಇಲ್ಲಿಗಿ ಬಂದ ಮ್ಯಾಲ. ನನ್ನ ಕಳಿಸಿದಾಕಿ ನಮ್ಮ ಅತ್ತಿ."

"ಯಾರು?"

"ಸಾಬವ್ವತ್ತಿ ರೀ. ಅವ ಕುಡುದು ಬಿದ್ದಿದ್ದ. ಬಾಗಲಾ ಅಕಿನೇ ತೆಗದ್ಲು, ರೊಟ್ಟಿ ಕಟ್ಟಿ ಕೊಟ್ಲು. ಹೋಗು, ತಿರುಗಿ ನೋಡಬ್ಯಾಡ ಅಂದ್ಲು. ಅಕ್ಕಗ ಇದನ್ನ ಹೇಳ್ದೆ. ಅಂಥಾಕೀನ್ನ ನೋಡ್ಲೇಬೇಕಂತ ನಿನ್ನಿ ಹೋಗ್ಯಾಳ." ಗುರಮ್ಮ ದನಿ ತಗ್ಗಿಸಿದಳು. "ಅತ್ತಿ ಹ್ಯಾಂಗ ಅದಾಳ್ರಿ? ನನಗ ಬೀಳೂ ಏಟೆಲ್ಲಾ ಈಗ ಅಕಿಗೇ ಬೀಳ್ತಾವಂತ."

ಯಜ್ಞೇಶ್ವರ ಜೀಪನ್ನು ನೇರ ಮಾಜಿವಾಡಾಕ್ಕೆ ತಿರುಗಿಸಿದ. ಮುರಾರಿ ಹೈವೇ ಬದಿಯಲ್ಲೇ ಕಾಯುತ್ತಿದ್ದ.

"ಸಾಬ್, ನಳದ ನೀರು ಎಂಟಕ್ಕೇ ನಿಂತು ಹೋಗ್ತದ. ಹನ್ನೊಂದಕ್ಕ ಅಲ್ಲಿ ಒಂದು ಹನಿ ಸಿಗೂದಿಲ್ಲ."

ಸಾಬವ್ವ ಒಲೆ ಮುಂದೆ ಕೂತಿದ್ದಳು. ಯಜ್ಞೇಶ್ವರ ಎದುರಿಗೆ ಕುಕ್ಕರುಗಾಲಲ್ಲಿ ಕೂತ.

"ಗುಂಡುಕಲ್ಲು ಎಲ್ಲಿ, ಅಮ್ಮ?"

ಅವಳು ಎದ್ದು ನೀರಿನ ಪೀಪಾಯಿಗೆ ಕೈ ಹಾಕಿ ಕಲ್ಲನ್ನು ತೆಗೆದು ನೆಲದ ಮೇಲಿಟ್ಟಳು. ಮುರಾರಿ ಒಂದು ಹೆಜ್ಜೆ ಹಿಂದೆ ಸರಿದ. ಹುಲಗಪ್ಪನನ್ನು ರಾತ್ರಿಯೆಲ್ಲ ಲಾಕಪ್ಪಿನಲ್ಲಿ ಗದರಿಸಿದ್ದವನು ಅವನೇ.

"ಯಾಕೆ ಅಮ್ಮ? ಗುರಮ್ಮನನ್ನು ಕಳಿಸಿದವಳು ನೀನೇ ಅಲ್ಲವೇ?"

"ಹೌದ್ರಿ. ಹುಡುಗಿ ಚೊಲೊ ಇದ್ಳು. ಗುರಮ್ಮ ಹ್ಯಾಂಗ ಹ್ವಾದ್ಳು, ನಿನಗ ಧೈರ್ಯ ಹ್ಯಾಂಗ ಬಂತು, ಎಲ್ಲಾ ಕೇಳಿದ್ಳು. ಖಾರ ಕುಟಗೋತ ಹೇಳ್ದೆ. ಕಡೀಕ ನಾ ಕೇಳ್ದೆ. ಯವ್ವಾ, ನನಗೂ ಒಂದು ಜಾಗಾ ನೋಡು, ಮಗ ದಿನಾ ಹೊಡೀತಾನ ಅಂತ."

"ಅವಳೇನಂದಳು?"

"ಮಗ ಅಲ್ವಾ ಅಮ್ಮ, ನೀವೇ ಬುದ್ಧಿ ಹೇಳಿ ಅಂದ್ಳು. ನಾ ಗಂಡನ್ನ ಬಿಟ್ಟವರನ್ನಷ್ಟೇ ನೋಡೂದು ಅಂದ್ಳು. ನಕ್ಕೋತ ಎದ್ಳು." ಸಾಬವ್ವ ತನ್ನ ಅಂಗೈ ನೋಡಿಕೊಂಡಳು. "ಕೈಯಾಗ ಕಲ್ಲಿತ್ರಿ."

ಕಲ್ಲನ್ನು ಪಂಚರ ಎದುರು ಕಟ್ಟಿ ಮೊಹರು ಮಾಡಿದರು. ಮಹಿಳಾ ಪೊಲೀಸರನ್ನು ಕರೆಸಿ, ಹೊತ್ತು ಮುಳುಗುವ ಮುನ್ನ ಬಂಧನದ ಕಾಗದವಾಯಿತು. ಸಾಬವ್ವನ ವೈದ್ಯಕೀಯ ತಪಾಸಣೆಯ ವರದಿ ಯಜ್ಞೇಶ್ವರನ ಕೈಗೆ ಬಂತು. ಎಡ ಮುಂಗೈ ಮೂಳೆ ಮುರಿದು ಓರೆಯಾಗಿ ಕೂಡಿದೆ. ಪಕ್ಕೆಲುಬಿಗೆ ಪೆಟ್ಟು. ಬೆನ್ನಿನ ಮೇಲೆ ಹಳೆಯ, ಹೊಸ ಬಾಸುಂಡೆಗಳು. ಆ ಕೈಯಿಂದಲೇ ನಿನ್ನೆ ತಾನು ನೀರು ಇಸಿದುಕೊಂಡಿದ್ದ.

ಹೆಂಡತಿಯನ್ನು ಹಿಂಸಿಸುವವರಿಗೆಂದು ವರ್ಷದ ಹಿಂದೆ ಹೊಸ ಕಲಮು ಬಂದಿತ್ತು. ತಾಯಿಗೆ ಅದರಲ್ಲಿ ಜಾಗವಿರಲಿಲ್ಲ. ಮೂಳೆ ಮುರಿದುದಕ್ಕೆ ಹಾಕುವ ಹಳೆಯ ಕಲಮನ್ನೇ ಹುಡುಕಿ, ಅವಳ ಹೇಳಿಕೆಯ ಮೇಲೆ ಹುಲಗಪ್ಪನ ವಿರುದ್ಧ ಎರಡನೇ ಎಫ್‌ಐಆರ್ ಬರೆಸಿದ.

ಶುಕ್ರವಾರ ವಾರಿಜಾಗೆ ಪ್ರಜ್ಞೆ ಬಂತು. ಹೊಡೆದವರು ಯಾರೆಂದು ಯಜ್ಞೇಶ್ವರ ತಿಳಿಸಿದಾಗ ಅವಳು ತಲೆಯ ಪಟ್ಟಿ ಮುಟ್ಟಿಕೊಂಡಳು.

"ಆ ಅಮ್ಮನಾ? ಚಹಾ ಮಾಡಿ ಕೊಟ್ಟಿದ್ದರು ಸರ್. ಹೊರಡುವಾಗ ಅವರು ಏನೋ ಕೇಳಿದರು. ನಾನು ಏನೋ ಅಂದೆ. ಏನಂದೆ ಅಂತಲೇ ನೆನಪಾಗುತ್ತಿಲ್ಲ."

ಯಜ್ಞೇಶ್ವರನಿಗೆ ಅದು ಗೊತ್ತಿತ್ತು. ಅವಳ ಹೇಳಿಕೆಯ ಕಾಗದ ಮಡಚಿಕೊಂಡು ಎದ್ದ.

ಠಾಣೆಗೆ ಮರಳಿದಾಗ ಸಾಬವ್ವ ಕಂಬಿಗಳ ಹಿಂದೆ ಗೋಡೆಗೊರಗಿ ಕೂತಿದ್ದಳು.

"ಹುಡುಗಿ ಬದುಕ್ಯಾಳೇನ್ರಿ ಸಾಹೇಬ್ರ?"

"ಬದುಕಿದ್ದಾಳೆ, ಅಮ್ಮ. ಮಾತಾಡಿದಳು."

"ಹಂಗಾದ್ರ ಆರಾಮಾದ ಮ್ಯಾಲ ಒಮ್ಮಿ ಇಲ್ಲಿಗಿ ಕಳಸ್ರಿ," ಎಂದಳು ಸಾಬವ್ವ. "ಈಗ ಕೇಳ್ಲಿ. ನಾನೂ ಬಿಟ್ಟು ಬಂದೀನಿ."