ಎಡಗಾಲು ಬಿಡದ ಪೆಡಲ್

ಬೆಳಿಗ್ಗೆ ಆರಕ್ಕೆ ಮಾನ್ವಿ ಬಿಡಬೇಕು, ಸಿರವಾರ ದಾಟಿ ಕಲ್ಲುಗುಡ್ಡದ ಕಾಲುದಾರಿಯಲ್ಲಿ ಮಧ್ಯಾಹ್ನ ಹನ್ನೆರಡರೊಳಗೆ ದೇವದುರ್ಗ ಮುಟ್ಟಬೇಕು. ಸೈಕಲ್ಲನ್ನು ಎಲ್ಲಿಯೂ ಗಾಡಿಗೆ ಏರಿಸುವಂತಿಲ್ಲ. ಒಬ್ಬ ಹೆಣ್ಣುಮಗಳು ಇದನ್ನು ಮಾಡಿ ತೋರಿಸಿದರೆ ಮಾತ್ರ ಮುಂದಿನ ತಿಂಗಳ ಬೆಟ್ಟದ ಸೈಕಲ್ ಪಂದ್ಯದಲ್ಲಿ ಮಹಿಳಾ ವಿಭಾಗ ಇಡುತ್ತೇವೆ ಎಂದಿತ್ತು ಸಮಿತಿ. ಮಂಜುಳಾ ಒಪ್ಪಿಕೊಂಡಿದ್ದಳು. ಗಿಲ್ಲೆಸುಗೂರಿನ ಸುತ್ತಲಿನ ಹಳ್ಳಿಗಳಿಗೆ ಸೈಕಲ್ಲಿನ ಮೇಲೆಯೇ ಟಪಾಲು ಹಂಚುವವಳಿಗೆ ದೂರದ ಹೆದರಿಕೆ ಇರಲಿಲ್ಲ.

ಜೊತೆಗೆ ಹೊರಟವನು ರಾಯಚೂರಿನಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ ಸೈಫುದ್ದೀನ್. ವಯಸ್ಸು ಐವತ್ತೆರಡು. ಅವನಿಗೆ ಅವಳ ಹೊಸ ಪೆಡಲುಗಳ ಮೇಲೆ ನಂಬಿಕೆಯಿರಲಿಲ್ಲ. ಕ್ಲಿಪ್‌ಲೆಸ್ ಅಂತ ಹೆಸರು, ಆದರೆ ಬೂಟಿನ ಅಡಿಯ ಲೋಹದ ಬಿಲ್ಲೆಯನ್ನು ಕಚ್ಚಿ ಹಿಡಿಯುತ್ತವೆ. ಹಿಮ್ಮಡಿಯನ್ನು ಹೊರಗೆ ತಿರುವಿದರಷ್ಟೇ ಬಿಡುತ್ತವೆ.

"ಕಲ್ಲಿನ ದಾರಿಗಿ ಸಪಾಟ ಪೆಡಲೇ ಛಲೋ ಬೇಟಿ," ಎಂದ ಸೈಫುದ್ದೀನ್. "ಯಾವಾಗ ಬೇಕು ಆವಾಗ ಕಾಲು ಇಳಿಸಬಹುದು."

"ರಾಜ್ಯಮಟ್ಟದವ್ರು ಎಲ್ಲಾರೂ ಇವನ್ನೇ ಹಾಕ್ತಾರ ಚಾಚಾ. ಏರಿನಾಗ ಕಾಲು ಜಾರಂಗಿಲ್ಲ, ಮ್ಯಾಲಕ್ಕ ಎಳದ್ರೂ ಗಾಲಿ ತಿರಗತದ."

ಸಿರವಾರದವರೆಗೆ ಅವಳ ಮಾತೇ ನಿಜವಾಯಿತು. ಕಾಲುವೆಯ ಏರಿಯ ಮೇಲೆ ಸೈಕಲ್ಲು ನೀರಿನಂತೆ ಹರಿಯಿತು. ಎರಡೂ ಕಡೆ ತೆನೆ ಬಾಗಿದ ಭತ್ತ, ಅದರಾಚೆ ಹಿಂದಿನ ದಿನದ ಅಕಾಲದ ಮಳೆಗೆ ನೆನೆದ ಎರೆಹೊಲಗಳು, ಎಲ್ಲಕ್ಕೂ ಹಿಂದೆ ಯಾರೋ ಸುರಿದು ಮರೆತು ಹೋದಂತೆ ಒಂದರ ಮೇಲೊಂದು ಕೂತ ಕೆಂಬಂಡೆಗಳ ಗುಡ್ಡ. ಸೈಫುದ್ದೀನ್ ಅರ್ಧ ಮೈಲಿ ಹಿಂದೆ ಬಿದ್ದ. ಎರೆಹೊಲದ ನಡುವೆ ಮಾತ್ರ ಇಬ್ಬರೂ ಇಳಿದು, ಹೆಜ್ಜೆಹೆಜ್ಜೆಗೂ ಅಂಟುವ ಮಣ್ಣಿನಲ್ಲಿ ಸೈಕಲ್ ಹೊತ್ತು ನಡೆದರು.

ಗುಡ್ಡದ ನೆತ್ತಿ ಮುಟ್ಟುವಾಗ ಒಂಬತ್ತೂವರೆ. ಅಲ್ಲಿಂದ ದಾರಿ ಹಳೆಯ ಕಲ್ಲುಕ್ವಾರಿಯ ಅಂಚಿಗೆ ಹೊಂದಿಕೊಂಡು ಇಳಿಯುತ್ತಿತ್ತು.

ಮುಂದಿನ ಗಾಲಿ ಬಂಡೆಯ ಮೆಟ್ಟಿಲಿಗೆ ಬಡಿಯಿತು. ಸೈಕಲ್ಲು ನಿಂತೇಬಿಟ್ಟಿತು.

ಮಂಜುಳಾ ಎಡ ಹಿಮ್ಮಡಿ ತಿರುವಿದಳು. ಬಿಡಲಿಲ್ಲ. ಮತ್ತೆ ತಿರುವಿದಳು. ಎರೆಮಣ್ಣು ಪೆಡಲಿನ ಹಲ್ಲುಗಳಲ್ಲಿ ಗಾರೆಯಂತೆ ಕೂತಿತ್ತು.

ಸೈಕಲ್ಲು ಎಡಕ್ಕೆ ವಾಲಿತು. ಎಡಕ್ಕಿದ್ದದ್ದು ಕ್ವಾರಿ.

ಬಲಗಾಲು ಹೇಗೋ ಬಿಟ್ಟಿತು; ಅವಳು ಅಂಚಿನಲ್ಲೇ ಮೊಣಕಾಲೂರಿ ಬಿದ್ದಳು. ಮುಂದಿನ ಗಾಲಿ ಅಂಚಿನಾಚೆ ಗಾಳಿಯಲ್ಲಿ ತಿರುಗುತ್ತಿತ್ತು. ಸೈಕಲ್ಲು ಜಾರಿದಷ್ಟೂ ಅವಳ ಕಾಲನ್ನು ಜಗ್ಗುತ್ತಿತ್ತು. ಕೆಳಗೆ ಎರಡಾಳುದ್ದ ಆಳದಲ್ಲಿ ಹಸಿರು ನೀರು.

ಹಿಂದೆಯೇ ಇಳಿಯುತ್ತಿದ್ದ ಸೈಫುದ್ದೀನ್ ತನ್ನ ಸೈಕಲ್ಲನ್ನು ಎಸೆದು ಓಡಿ ಬಂದು ಹಿಂದಿನ ಗಾಲಿಯನ್ನು ಅಪ್ಪಿ ಹಿಡಿದ.

"ಒದ್ದಾಡಬ್ಯಾಡ," ಎಂದ ಏದುಸಿರಿನಲ್ಲಿ. "ಪೆಡಲ್ ಬಿಡಸಾಕ ಹೋಗಬ್ಯಾಡ. ಬೂಟಿನ ಪಟ್ಟಿ ಬಿಚ್ಚು. ಕಾಲಷ್ಟೇ ಹೊರಗ ತಗಿ."

ಅವಳು ಬೂಟಿಗೆ ಕೈಚಾಚಿದಳು. ಒಂದು ಪಟ್ಟಿ ಬಿಚ್ಚಿತು, ಇನ್ನೊಂದು. ಕಾಲು ಬೂಟಿನಿಂದ ಕಿತ್ತು ಹೊರಬಂತು. ಇಬ್ಬರೂ ಸೇರಿ ಸೈಕಲ್ಲನ್ನು ಮೇಲೆಳೆದರು. ಬೂಟು ಇನ್ನೂ ಪೆಡಲಿಗೇ ಕಚ್ಚಿಕೊಂಡಿತ್ತು.

'ನಾನು ಹೇಳಿರಲಿಲ್ಲೇನು' ಎಂಬ ಮಾತು ಬರುತ್ತದೆಂದು ಅವಳು ಕಾದಳು. ಬರಲಿಲ್ಲ. ಅವನು ಜಾಲಿಮುಳ್ಳಿನಿಂದ ಮಣ್ಣು ಕೆದರಿ ಬೂಟು ಬಿಡಿಸಿದ. ಸಪಾಟ ಪೆಡಲಿನ ಮೇಲೆ ಬೂಟು ಕೂರಲೆಂದು ಅಡಿಯ ಬಿಲ್ಲೆಗಳನ್ನೂ ಬಿಚ್ಚಿದ. ಆಮೇಲೆ ಪಾನಾ ತೆಗೆದು ತನ್ನ ಸೈಕಲ್ಲಿನ ಸಪಾಟ ಪೆಡಲುಗಳನ್ನು ಬಿಚ್ಚಿ ಅವಳ ಸೈಕಲ್ಲಿಗೆ ಕೂರಿಸತೊಡಗಿದ.

"ಎಡಗಡೀದು ಉಲ್ಟಾ ತಿರುವಬೇಕು, ನೆನಪಿಟ್ಟುಕೋ."

"ನಿಮಗ ಚಾಚಾ?"

"ನಿನ್ನವು ನನಗಿರಲಿ. ನನಗೇನು ಗಡುವಿಲ್ಲ."

"ನಿಮ್ಮ ಕ್ಯಾನ್ವಾಸ್ ಬೂಟಿನಾಗ ಅವು ಜಾರತಾವ."

"ಜಾರಿದ್ರ ನಡೀತೀನಿ. ನೀ ಹೋಗು, ಹತ್ತಾಗಾಕ ಬಂತು."

ಸಪಾಟ ಪೆಡಲಿನ ಮೇಲೆ ಮೊದಲ ಇಳಿಜಾರಿನಲ್ಲೇ ಕಾಲು ಪುಟಿದು, ಹಿಡಿತಕ್ಕೆಂದು ಅದರಲ್ಲಿದ್ದ ಮೊಳೆಗಳು ಮೊಣಕಾಲ ಕೆಳಗೆ ಗೀರಿದವು. ಹಿಮ್ಮಡಿಯನ್ನು ಕೆಳಗೊತ್ತಿ ಹಿಡಿದರೆ ಪಾದ ನಿಲ್ಲುತ್ತದೆಂದು ನೋವೇ ಕಲಿಸಿತು. ಬಂಡೆ ಬಂದಲ್ಲಿ ಕಾಲು ಚಾಚಿದಳು, ಊರಿದಳು, ಮತ್ತೆ ತುಳಿದಳು. ಎರಡು ಸಲ ಬಿದ್ದಳು, ಎರಡು ಸಲವೂ ಕಾಲೂರಿಕೊಂಡೇ. ಕೊನೆಯ ಏರಿನಲ್ಲಿ ಮೇಲಕ್ಕೆಳೆಯುವ ಬಲ ಇರಲಿಲ್ಲ, ತೊಡೆ ಉರಿದವು. ಆಗ ಆ ಕಚ್ಚುವ ಪೆಡಲುಗಳ ನೆನಪಾಯಿತು. ಆದರೂ ಇಳಿಯಲಿಲ್ಲ.

ದೇವದುರ್ಗದಲ್ಲಿ ಗಡಿಯಾರ ಹಿಡಿದು ಕಾದಿದ್ದವರು ಸಮಿತಿಯ ಸುಭಾಷ್ ಮಾಸ್ತರರು.

"ಹನ್ನೊಂದು ನಲವತ್ತೆಂಟು," ಎಂದು ಬರೆದುಕೊಂಡರು. "ಯಾವ ಪೆಡಲ್ ಹಾಕ್ಕೋಬೇಕಂತ ಹುಡುಗ್ಯಾರಿಗೆ ಹೇಳಲೇನವ್ವಾ?"

"ಏರಿಗಿ ಕಚ್ಚೋದು ಛಲೋ ಸರ್, ಇಳಿಜಾರಿನ ಕಲ್ಲಿಗಿ ಸಪಾಟ. ಎರಡೂ ತುಳದು ನೋಡಿ ತಾವೇ ಆರಿಸ್ಕೊಳ್ಳಲಿ. ಎರಿಮಣ್ಣು ಹತ್ತಿದ್ರ ಮಾತ್ರ ಕೆದರಿಕೊಂಡೇ ಗುಡ್ಡ ಇಳೀಬೇಕಂತ ಬರೀರಿ."

ನೀರು ಕುಡಿದವಳೇ ಸೈಕಲ್ ತಿರುಗಿಸಿ ಬಂದ ದಾರಿಯಲ್ಲೇ ಹೋದಳು. ಎರಡು ಮೈಲಿ ಆಚೆ ಸೈಫುದ್ದೀನ್ ಸೈಕಲ್ ತಳ್ಳಿಕೊಂಡು ಕುಂಟುತ್ತ ಬರುತ್ತಿದ್ದ. ಅವಳೂ ಇಳಿದು ಪಕ್ಕದಲ್ಲಿ ನಡೆದಳು.

"ಬಂತೇನು ನಿನ್ನ ಹೆಸರು?"

"ನನ್ನ ಹೆಸರಲ್ಲ ಚಾಚಾ. ಮಹಿಳಾ ವಿಭಾಗ ಅಂತ ಬರಕೊಂಡಾರ."

"ಹಂಗಂದ್ರ ಭಾಳ ಹೆಸರು ಬರತಾವ," ಎಂದ ಅವನು, ಮತ್ತು ಅವಳ ಬಾಟಲಿಯಲ್ಲಿ ಉಳಿದಿದ್ದ ನೀರಿಗೆ ಕೈಚಾಚಿದ.