ಅಕ್ಕನ ದನಿ

ಅಕ್ಕತಂಗಿಯರ ದನಿ ಒಂದೇ ಅಚ್ಚು. ಆ ದನಿಯಿಂದಲೇ ಅಕ್ಕ ಒಮ್ಮೆ ತಂಗಿಯ ಬದುಕಿನ ಬಾಗಿಲು ಮುಚ್ಚಿದ್ದಳು. ತಂಗಿಯನ್ನು ಕೇಳಿಕೊಂಡು ಫೋನ್ ಮಾಡುತ್ತಿದ್ದ ಒಬ್ಬನಿಗೆ, ತಾನೇ ತಂಗಿಯೆಂಬಂತೆ, "ಇನ್ಮೇಲೆ ಫೋನ್ ಮಾಡ್ಬೇಡಿ" ಅಂದುಬಿಟ್ಟಿದ್ದಳು. ತಂಗಿಯ ತಲೆ ನೆರೆತ ಮೇಲೆ ಒಂದು ದಿನ ಅಕ್ಕ ಅದನ್ನು ಹಳೆಯ ತಮಾಷೆಯಂತೆ ಹೇಳಿ ನಕ್ಕಳು. ತಂಗಿಯೂ ನಕ್ಕಳು. ಅಂದಿನಿಂದ ಅವಳಿಗೆ ನಿದ್ದೆ ಹತ್ತಲಿಲ್ಲ.

ಹಳೆಯ ಲೈನು ನಿಲ್ಲಿಸುತ್ತೇವೆ, ಇಂಟರ್ನೆಟ್ ಫೋನ್ ಹಾಕಿಸಿಕೊಳ್ಳಿ ಎಂದು ಸೂಚನೆ ಬಂದಾಗ ಮೊಬೈಲ್ ಮುಟ್ಟದ ಅಕ್ಕ ಅಂದಳು: "ಯಾವ್ದಾದ್ರೂ ನೋಡಿ ಹಾಕ್ಸೇ. ಮಾತಾಡೋಳು ಹೇಗಿದ್ರೂ ನಾನು. ನಿನಗ್ಯಾರು ಫೋನ್ ಮಾಡ್ತಾರೆ?"

ತಂಗಿ ನಿಧಾನವಾಗಿ ನೋಡಿದಳು. ಒಂದು ಕಂಪನಿಯದು ಅಗ್ಗ, ಇನ್ನೊಂದರಲ್ಲಿ ದನಿ ಸ್ಪಷ್ಟ. ಮೂರನೆಯದರಲ್ಲಿ ಮನೆಯ ನಂಬರನ್ನೇ ತನ್ನ ಮೊಬೈಲಿಗೂ ಹಾಕಿಕೊಳ್ಳಬಹುದಿತ್ತು. ಎಲ್ಲಿಂದ ಮಾತಾಡಿದರೂ ಆಚೆಯವರಿಗೆ ಕಾಣುವುದು ಮನೆಯ ನಂಬರೇ. ಆ ಸಾಲನ್ನು ಎರಡು ಸಲ ಓದಿದಳು. ಅದನ್ನೇ ಆರಿಸಿದಳು.

ಹೊಸ ಫೋನಿನ ಪೆಟ್ಟಿಗೆ ಜೋಡಿಸಲು ಬಂದವನು, "ಮೇಡಂ, ಬ್ಯಾಟರಿನೂ ತಗೊಂಡ್ಬಿಡಿ. ಇದು ಹಳೇ ಫೋನ್ ಥರ ಅಲ್ಲ, ಕರೆಂಟ್ ಹೋದ್ರೆ ಸತ್ತೇ ಹೋಗುತ್ತೆ" ಅಂದ. ಅವನು ಬೇಗ ತೊಲಗಿದರೆ ಸಾಕಾಗಿತ್ತು ಅವಳಿಗೆ. "ಬೇಡಪ್ಪಾ" ಅಂದಳು.

ಒಂದು ಬೆಳಿಗ್ಗೆ ಮೆಟ್ಟಿಲ ತುದಿಯಲ್ಲಿ ಅಕ್ಕನ ಬೆನ್ನಿಗೆ ಒಂದು ಕೈ ಸಾಕಾಯಿತು. ಅಕ್ಕ ಕೂಗಲೂ ಇಲ್ಲ. ತಂಗಿ ಬಾಗಿಲೆಳೆದುಕೊಂಡು, ಎಂದಿನಂತೆ ಹರಿದ ಪುಸ್ತಕಗಳಿಗೆ ರಟ್ಟು ಹಾಕಲು ಲೈಬ್ರರಿಗೆ ಹೋದಳು. ಎಲ್ಲರ ಕಣ್ಣಿಗೂ ಬಿದ್ದ ಮೇಲೆ ಲೈಬ್ರರಿಯ ಹಿತ್ತಲಿಗೆ ಬಂದು, ಮೊಬೈಲಿನಲ್ಲಿ ಮನೆಯ ನಂಬರಿನಿಂದ ಅಕ್ಕನ ಗೆಳತಿ ನರ್ಸಮ್ಮನಿಗೆ ಫೋನ್ ಮಾಡಿದಳು. ತಂಗಿ ಲೈಬ್ರರಿಯಲ್ಲಿದ್ದಾಗ ಅಕ್ಕ ಮನೆಯಲ್ಲಿ ಬದುಕಿದ್ದಳು ಎನ್ನಲು ಒಂದು ಸಾಕ್ಷಿ ಬೇಕಿತ್ತು.

"ನಾನು ಕಣೇ."

"ಏನೇ ಬಂಗಾರಿ! ಮಂಡಿ ಹೇಗಿದೆ?"

ಎರಡು ಮಾತಾಡಿ ಇಟ್ಟುಬಿಡಬೇಕಿತ್ತು. ಕೈ ಬರಲಿಲ್ಲ. ಅವಳನ್ನು ಈವರೆಗೆ ಯಾರೂ ಬಂಗಾರಿ ಅಂದಿರಲಿಲ್ಲ. ಇಲ್ಲದ ಮಂಡಿನೋವಿನ ಕತೆ ಹೇಳಿದಳು, ನಗಿಸಿದಳು, ತಾನೂ ನಕ್ಕಳು.

"ನಿನ್ ತಂಗಿ ಎಲ್ಲೇ?"

"ಲೈಬ್ರರಿಗೆ ಹೋಗಿದಾಳೆ. ಅವಳು ಇದ್ರೂ ಒಂದೇ, ಇಲ್ದಿದ್ರೂ ಒಂದೇ."

ನರ್ಸಮ್ಮ ಹೌದೆಂಬಂತೆ ನಕ್ಕಳು. ತಂಗಿ ಫೋನಿಟ್ಟು, ರಟ್ಟಿನ ಅಂಟು ಮೆತ್ತಿದ ಬೆರಳುಗಳನ್ನು ಬಹಳ ಹೊತ್ತು ನೋಡುತ್ತಾ ಕೂತಳು.

ಮಧ್ಯಾಹ್ನ ಮನೆಗೆ ಬಂದು, ಎದುರುಮನೆಯಾಕೆ ಕಾಣುತ್ತಿದ್ದಾಳೆಂದು ಖಾತ್ರಿ ಮಾಡಿಕೊಂಡೇ ಬೆಲ್ ಒತ್ತಿದಳು. ಸದ್ದಿಲ್ಲ. ಮತ್ತೆ ಒತ್ತಿದಳು. "ಅದೆಲ್ಲಿ ಹೊಡ್ಕೊಳ್ಳುತ್ತೆ, ಬಾಗಿಲು ಬಡೀರಿ!" ಎಂದು ಎದುರುಮನೆಯಾಕೆ ಕೂಗಿದಳು. "ನೀವು ಆ ಕಡೆ ಹೋದ್ರಿ, ಈ ಕಡೆ ಕಂಬ ರಿಪೇರಿಯೋರು ಬಂದು ಇಡೀ ಬೀದಿ ಕರೆಂಟ್ ತೆಗೆದ್ರು. ಇನ್ನೂ ಕೊಟ್ಟಿಲ್ಲ ನೋಡಿ." ತಂಗಿಯ ಬೆರಳು ಬೆಲ್ಲಿನ ಮೇಲೇ ಉಳಿಯಿತು. ಬೆಳಗಿನಿಂದ ಸತ್ತೇ ಇದ್ದ ಫೋನಿನಲ್ಲಿ ಅಕ್ಕ ಅಷ್ಟು ಹೊತ್ತು ನಕ್ಕಿದ್ದಳು.